ಹೊಗೆ ಸಾಲದು ಡಾಕ್ಟ್ರೇ

ದನದ ಡಾಕ್ಟ್ರಿಗೆ ಕಂಪ್ಯೂಟರಿನ ಹುಚ್ಚು ಹತ್ತಿದ್ದು ನಲವತ್ತು ದಾಟಿದ ಮೇಲೆ. ಆ ವಯಸ್ಸಿನಲ್ಲಿ ಕೆಲವರಿಗೆ ಅಧ್ಯಾತ್ಮದ ಹುಚ್ಚು ಹತ್ತುತ್ತದೆ, ಕೆಲವರಿಗೆ ಬೆಳಗಿನ ನಡಿಗೆಯ ಹುಚ್ಚು, ಇನ್ನು ಕೆಲವರಿಗೆ ಹೇಳಿಕೊಳ್ಳಲಾಗದ ಹುಚ್ಚು. ಡಾಕ್ಟ್ರಿಗೆ ಹತ್ತಿದ್ದು ಹೇಳಿಕೊಳ್ಳಬಹುದಾದದ್ದೇ. ಆದರೆ ಹೇಳಿದರೆ ಯಾರಿಗೂ ಅರ್ಥವಾಗುತ್ತಿರಲಿಲ್ಲ.

ಅದರ ಹೆಸರು ಓವರ್‌ಕ್ಲಾಕಿಂಗ್. ಕಂಪ್ಯೂಟರಿನ ಚಿಪ್ಪು ಮಾಡಿದವರು, ಇದು ಇಷ್ಟು ವೇಗದಲ್ಲಿ ಓಡುತ್ತದೆ, ಇದಕ್ಕಿಂತ ಹೆಚ್ಚು ಓಡಿಸಬೇಡಿ ಎಂದು ಹೇಳಿರುತ್ತಾರೆ. ಓಡಿಸುವುದೇ ಆಟ. ಹೆಚ್ಚು ಓಡಿದರೆ ಚಿಪ್ಪು ಕಾಯುತ್ತದೆ, ಕಾದರೆ ಸಾಯುತ್ತದೆ. ಅದಕ್ಕೇ ಅದರ ನೆತ್ತಿಯ ಮೇಲೆ ತಾಮ್ರದ ಲೋಟವೊಂದನ್ನು ಬಿಗಿದು, ದ್ರವ ಸಾರಜನಕ ಸುರಿಯುತ್ತಾ, ಮಂಜುಗಡ್ಡೆಯೇ ನಡುಗುವಷ್ಟು ತಣ್ಣಗಿಟ್ಟು ಓಡಿಸುತ್ತಾರೆ. ಪರದೆಯ ಮೇಲೆ ಒಂದು ಸಂಖ್ಯೆ ಏರುತ್ತದೆ. ಜಗತ್ತಿನ ಬೇರೆ ಮೂಲೆಯಲ್ಲಿ ಇದೇ ಹುಚ್ಚು ಹತ್ತಿದವರ ಸಂಖ್ಯೆಗಿಂತ ಅದು ಹೆಚ್ಚಿದ್ದರೆ ಕುಣಿದಾಡುತ್ತಾರೆ. ಅಷ್ಟೇ. ಆ ವೇಗದಲ್ಲಿ ಕಂಪ್ಯೂಟರ್ ಒಂದು ರಜೆ ಚೀಟಿಯನ್ನೂ ಟೈಪು ಮಾಡಿಕೊಡುವುದಿಲ್ಲ. ಒಂದಿಷ್ಟು ಹೊತ್ತು ಬದುಕಿರುತ್ತದೆ, ಆಮೇಲೆ ನಿಂತುಬಿಡುತ್ತದೆ.

ಡಾಕ್ಟ್ರಿಗೆ ದ್ರವ ಸಾರಜನಕ ಹೊಸದೇನಲ್ಲ. ಆಸ್ಪತ್ರೆಯಲ್ಲಿ ಹೋರಿಯ ವೀರ್ಯದ ಕಡ್ಡಿಗಳನ್ನು ಕೆಡದಂತೆ ಅದ್ದಿಡುವುದು ಅದರಲ್ಲೇ. ಆಟಕ್ಕೆಂದು ಡಾಕ್ಟ್ರು ಸ್ವಂತ ಖರ್ಚಿನಲ್ಲಿ ಇನ್ನೊಂದು ಕ್ಯಾನು ತುಂಬಿಸಿಕೊಳ್ಳುತ್ತಿದ್ದರು. ಎರಡೂ ಕ್ಯಾನುಗಳು ಅವಳಿ ಮಕ್ಕಳಂತೆ ಇದ್ದದ್ದರಿಂದ ಒಂದು ಭಾನುವಾರ ಬೇರೆಯದೇ ಕ್ಯಾನು ಮನೆಗೆ ಬಂತು. ಇದೇ ಹುಚ್ಚಿನ ಗೆಳೆಯರೆಲ್ಲ ಬಗ್ಗಿ ನೋಡುತ್ತಿರುವಾಗ ಡಾಕ್ಟ್ರು ಮುಚ್ಚಳ ತೆಗೆದರು, ಒಳಗಿನಿಂದ ಕಡ್ಡಿಗಳ ಗೊಂಚಲು ಮೇಲೆ ಬಂತು. ಅವರಲ್ಲೊಬ್ಬ ಬಸ್ ಕಂಡಕ್ಟರು ಅದನ್ನು ಹೊಸ ಬಗೆಯ ವೈರು ಎಂದುಕೊಂಡು "ಇದನ್ನ ಎಲ್ಲಿಗೆ ಚುಚ್ಚಬೇಕು ಡಾಕ್ಟ್ರೇ?" ಎಂದು ಕೇಳಿದ. ಉತ್ತರ ಕೇಳಿದ ಮೇಲೆ ಕೈ ತೊಳೆಯಲು ಹೋದವನು ಬಹಳ ಹೊತ್ತು ಬರಲಿಲ್ಲ.

ಈ ಗೆಳೆಯರ ಕೂಟ ಸೇರುತ್ತಿದ್ದದ್ದು ಡಾಕ್ಟ್ರ ಮನೆಯ ಮಹಡಿಯಲ್ಲಿ. ಆ ಮಹಡಿ ಅವರ ಹೆಂಡತಿಯದು. ಆಕೆ ಹೊಲಿಗೆ ಟೀಚರು. ವಾರವೆಲ್ಲ ಅಲ್ಲಿ ಹೆಂಗಸರು ಬಂದು ರವಿಕೆ, ಲಂಗ, ಪರದೆ ಹೊಲಿಯಲು ಕಲಿಯುತ್ತಿದ್ದರು. ಭಾನುವಾರ ಮಾತ್ರ ಹೊಲಿಗೆ ಮಷೀನುಗಳನ್ನು ಗೋಡೆಗೆ ಸರಿಸಿ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲೆ ಚಿಪ್ಪು ಕೂರಿಸುವ ಮದರ್‌ಬೋರ್ಡುಗಳನ್ನು ಹರಡುತ್ತಿದ್ದರು. ಹತ್ತು ಜನ. ಆ ಕಂಡಕ್ಟರ್ ಇದ್ದ, ಕನ್ನಡಕದಂಗಡಿಯವರು ಇದ್ದರು, ಎಲ್ಲರಿಗಿಂತ ಮುಖ್ಯವಾಗಿ ಡಾಕ್ಟ್ರ ಭಾಮೈದ ಇದ್ದ. ಫೋಟೋ ಸ್ಟುಡಿಯೋ ಇಟ್ಟುಕೊಂಡಿದ್ದ ಅವನೇ ಭಾವನಿಗೆ ಈ ಹುಚ್ಚು ಹಿಡಿಸಿದ್ದು. ಇಬ್ಬರೂ ಮದರ್‌ಬೋರ್ಡಿಗೆ ನೀರಿನ ಪಸೆ ತಾಗದಿರಲೆಂದು ವ್ಯಾಸಲೀನ್ ಹಚ್ಚುತ್ತಾ ಕೂತರೆ ಮಗುವಿಗೆ ಎಣ್ಣೆ ಹಚ್ಚುವವರ ಹಾಗೆ ಕಾಣುತ್ತಿದ್ದರು. ಮಂಜುಗಡ್ಡೆ ಕಟ್ಟಿದ ಬೋರ್ಡನ್ನು ಕರಗಿಸಲು ಟೀಚರ ಹೇರ್ ಡ್ರೈಯರು, ಒರೆಸಲು ಟೀಚರ ಅಡುಗೆಮನೆಯ ಬಟ್ಟೆ, ಸುಸ್ತಾದಾಗ ಕುಡಿಯಲು ಟೀಚರ ಕಾಫಿ.

"ನಿಮ್ಮ ಆಟದಲ್ಲಿ ನಿಮ್ದು ಅಂತ ಏನಿದೆ?" ಎಂದು ಆಕೆ ಒಮ್ಮೆ ಕೇಳಿದರು.

"ಸಂಖ್ಯೆ," ಎಂದರು ಡಾಕ್ಟ್ರು.

ಎರಡು ವರ್ಷದ ಹಿಂದೆ ಭಾವ ಭಾಮೈದ ಸೇರಿ ಒಂದು ಸಂಖ್ಯೆ ಮುಟ್ಟಿದ್ದರು. ಡಾಕ್ಟ್ರು ಸಾರಜನಕ ಸುರಿಯುತ್ತಿದ್ದರು, ಭಾಮೈದ ಮೌಸ್ ಹಿಡಿದಿದ್ದ. ಪರದೆಯನ್ನು ವಿಡಿಯೋ ಮಾಡಿಕೊಂಡವನೂ ಅವನೇ. ಜಗತ್ತಿನ ಪಟ್ಟಿಯಲ್ಲಿ ಅವರ ಹೆಸರು ಒಂದು ವಾರ ಮೇಲಿನ ಸಾಲಿನಲ್ಲಿತ್ತು. ಆಮೇಲೆ ಯಾರೋ ಇಳಿಸಿದರು. ಆ ಒಂದು ವಾರ ಡಾಕ್ಟ್ರು ಎಮ್ಮೆಗಳಿಗೂ ನಗುತ್ತಲೇ ಇಂಜೆಕ್ಷನ್ ಕೊಟ್ಟರಂತೆ.

ಹೀಗಿರುವಾಗ ಕಂಪನಿ ಬಂತು.

ಕಂಪನಿ ಎಂದರೆ ಮದರ್‌ಬೋರ್ಡು ಮಾಡುವ ಕಂಪನಿ. ಅದರ ಪ್ರಚಾರ ವಿಭಾಗದಿಂದ ಒಬ್ಬ ಹೆಣ್ಣುಮಗಳು ಬಂದರು. ಏನು ಹೇಳಿದರೂ "ಸೂಪರ್ ಸರ್!" ಎನ್ನುತ್ತಿದ್ದರಿಂದ ಕೂಟದವರು ಅವರಿಗೆ ಸೂಪರ್ ಮೇಡಂ ಎಂದೇ ಹೆಸರಿಟ್ಟರು. ಆಕೆ ಬಂದ ದಿನ ಮೇಜಿನ ಮೇಲೆ ಒಂದು ಚಿಪ್ಪು ಚೆನ್ನಾಗಿ ಓಡುತ್ತಿತ್ತು. ಹತ್ತು ಜನರೂ ಪರದೆಗೆ ಮೂಗು ತಾಗಿಸಿ, ಉಸಿರು ಬಿಗಿಹಿಡಿದು, ಸಂಖ್ಯೆಯನ್ನೇ ನೋಡುತ್ತಿದ್ದರು. ಸೂಪರ್ ಮೇಡಂ ಮಾತ್ರ ಪರದೆಯ ಕಡೆ ತಿರುಗಲೇ ಇಲ್ಲ. ಲೋಟದಿಂದ ಉಕ್ಕಿ ಮೇಜಿನಂಚಿನಿಂದ ಕೆಳಗಿಳಿಯುತ್ತಿದ್ದ ಬಿಳಿ ಹಬೆಯನ್ನು ನೋಡುತ್ತಿದ್ದರು.

"ಸರ್, ಈ ಹೊಗೆ ಇನ್ನೂ ಸ್ವಲ್ಪ ಜಾಸ್ತಿ ಬರುತ್ತಾ?"

"ಅದು ಹೊಗೆ ಅಲ್ಲ ಮೇಡಂ, ಗಾಳಿಯಲ್ಲಿರೋ ನೀರಿನ..."

"ಸೂಪರ್ ಸರ್! ಜಾಸ್ತಿ ಬರುತ್ತಾ?"

ಡಾಕ್ಟ್ರು ಲೋಟಕ್ಕೆ ಇನ್ನಷ್ಟು ಸುರಿದರು. ಹಬೆ ಎದ್ದಿತು, ಮೇಡಂ ಫೋಟೋ ತೆಗೆದುಕೊಂಡರು. ಚಿಪ್ಪು ಹೆಚ್ಚು ಶೀತ ತಡೆಯಲಾರದೆ ಅಲ್ಲೇ ನಿಂತುಹೋಯಿತು. ಭಾಮೈದ ಹಣೆ ಚಚ್ಚಿಕೊಂಡ. ಆದರೆ ಆಗ ಕೆಳಗೆ ಕಾರಿನಿಂದ ಟಿ ಶರ್ಟಿನ ಪೆಟ್ಟಿಗೆ ಬಂದಿತ್ತು, ಉಳಿದವರಿಗೆ ಅವನ ಹಣೆ ಕಾಣಲಿಲ್ಲ.

ದೊಡ್ಡ ಮನುಷ್ಯರು ಚಿಕ್ಕ ವಸ್ತುವಿಗೆ ಹೇಗೆ ಬೀಳುತ್ತಾರೆ ಎಂಬುದನ್ನು ನೋಡಬೇಕಾದರೆ ಬಿಟ್ಟಿ ಟಿ ಶರ್ಟು ಹಂಚಬೇಕು. ಕನ್ನಡಕದಂಗಡಿಯವರು ಸ್ವಂತ ಮಳಿಗೆ, ಎರಡು ಮನೆ ಇದ್ದವರು. ತಮ್ಮ ಅಳತೆಯದು ಕಂಡಕ್ಟರನ ಪಾಲಾಯಿತೆಂದು ಮೂರು ಭಾನುವಾರ ಅವನ ಜೊತೆ ಮಾತು ಬಿಟ್ಟರು. ಕೊನೆಗೆ ಟೀಚರೇ ಒಂದು ಶರ್ಟಿನ ಬಗಲು ಬಿಚ್ಚಿ, ಬಟ್ಟೆ ಕೂಡಿಸಿ ಹೊಲಿದುಕೊಟ್ಟು ರಾಜಿ ಮಾಡಿಸಬೇಕಾಯಿತು.

ಟಿ ಶರ್ಟಿನ ಹಿಂದೆ ಸ್ಟಿಕ್ಕರು ಬಂತು, ಅದರ ಹಿಂದೆ ಬೋರ್ಡು ಬಂತು, ಅದರ ಹಿಂದೆ ಪದವಿ. ಕೂಟದಲ್ಲಿ ಎಲ್ಲರೂ ರಾಯಭಾರಿಗಳಾದರು. ಡಾಕ್ಟ್ರು ಮುಖ್ಯ ರಾಯಭಾರಿ, ಕನ್ನಡಕದಂಗಡಿಯವರು ಹಿರಿಯ ರಾಯಭಾರಿ, ಕಂಡಕ್ಟರ್ ಸಂಚಾರಿ ರಾಯಭಾರಿ. ಸಾಮಾನ್ಯ ಸದಸ್ಯ ಎಂದು ಉಳಿದವನು ಭಾಮೈದ ಒಬ್ಬನೇ. ಅವನನ್ನು ಕೇಳಿದರೆ, "ಯಾವ ದೇಶದಿಂದ ಯಾವ ದೇಶಕ್ಕೆ ಭಾವ ಈ ರಾಯಭಾರ? ಮಹಡಿಯಿಂದ ಅಡುಗೆಮನೆಗಾ?" ಎಂದುಬಿಟ್ಟಿದ್ದ.

ಪದವಿಯ ಬೆನ್ನಿಗೇ ನಿಯಮಗಳೂ ಬಂದವು. ಕಂಪನಿ ಹಾಕುವ ಫೋಟೋಗಳಲ್ಲಿ ಬೇರೆ ಯಾವ ಕಂಪನಿಯ ಹೆಸರೂ ಕಾಣಬಾರದು. ಮೊದಲು ಫ್ಯಾನುಗಳ ಮೇಲೆ ಕಪ್ಪು ಟೇಪು ಬಂತು. ಆಮೇಲೆ ಗೋಡೆ ಗಡಿಯಾರದ ಮೇಲೆ. ಆಮೇಲೆ ಹೊಲಿಗೆ ಮಷೀನುಗಳ ಮೇಲೆ. ಸೋಮವಾರ ಬೆಳಗ್ಗೆ ತರಗತಿಗೆ ಬಂದ ಹೆಂಗಸರು, ಎಲ್ಲ ಮಷೀನುಗಳಿಗೂ ಗಾಯವಾದಂತೆ ಪಟ್ಟಿ ಹಾಕಿರುವುದನ್ನು ನೋಡಿ, ಏನು ಟೀಚರ್ ಇದು ಎಂದರು. "ಯಜಮಾನರು ಡಾಕ್ಟ್ರು ನೋಡಿ, ಸುಮ್ನೆ ಕೂರೋಕೆ ಆಗಲ್ಲ," ಎಂದರು ಟೀಚರು.

ಇನ್ನೊಂದು ನಿಯಮ ಭಾಷೆಯದು. ಬೋರ್ಡು ಸುಟ್ಟುಹೋದರೆ 'ಸುಟ್ಟುಹೋಯಿತು' ಎನ್ನಬಾರದು. 'ತನ್ನ ಪಯಣ ಮುಗಿಸಿತು' ಎನ್ನಬೇಕು. ಈ ನಿಯಮ ಯಾಕೆ ಬೇಕಾಯಿತು ಎಂಬುದು ಬೇಗನೆ ತಿಳಿಯಿತು. ಕಂಪನಿ ಕಳಿಸಿದ ಹೊಸ ಬೋರ್ಡುಗಳು ಒಂದಾದ ಮೇಲೊಂದು ಪಯಣ ಮುಗಿಸತೊಡಗಿದವು. ಅವಕ್ಕೆ ಶೀತ ಆಗುತ್ತಿರಲಿಲ್ಲ. ಸಾರಜನಕ ಬಿದ್ದು ಬೋರ್ಡು ತಣ್ಣಗಾಗುತ್ತಿದ್ದಂತೆ ಎಲ್ಲೋ ಚಿಟ್ ಎನ್ನುತ್ತಿತ್ತು, ಮೂಲೆಯ ಕೆಂಪು ದೀಪ ಆರುತ್ತಿತ್ತು, ಸುಟ್ಟ ವಾಸನೆ ಬರುತ್ತಿತ್ತು. ಮೂರನೆಯದು ಸತ್ತಾಗ ಡಾಕ್ಟ್ರು ಕಂಪನಿಗೆ ಫೋನು ಮಾಡಿದರು.

"ಮೇಡಂ, ಬೋರ್ಡಲ್ಲಿ ಏನೋ ದೋಷ ಇದೆ. ತಣ್ಣಗಾದ್ರೆ ಹೋಗ್ತಾ ಇದೆ."

"ಸೂಪರ್ ಫೀಡ್‌ಬ್ಯಾಕ್ ಸರ್! ವಿಡಿಯೋದಲ್ಲಿ ಅದನ್ನೇ ಸ್ವಲ್ಪ ಪಾಸಿಟಿವ್ ಆಗಿ ಹೇಳ್ತೀರಾ? ಬೆಚ್ಚಗಿದ್ರೆ ಅದ್ಭುತವಾಗಿ ಕೆಲಸ ಮಾಡುತ್ತೆ ಅಂತ?"

ಡಾಕ್ಟ್ರು ಹೇಳಿದರು. ಹೇಳುವಾಗ ಕತ್ತಿನ ಹಿಂದೆ ತುರಿಸಿಕೊಂಡರು, ಅಷ್ಟೇ. ಆದರೆ ಭಾಮೈದನ ನಾಲಿಗೆಗೆ ಟೇಪು ಹಾಕಿರಲಿಲ್ಲ. ಇಂಟರ್‌ನೆಟ್ಟಿನಲ್ಲಿ ಓವರ್‌ಕ್ಲಾಕಿಂಗಿನವರೆಲ್ಲ ಓದುವ ಜಾಗದಲ್ಲಿ ಅವನು ತನ್ನ ಹೆಸರು ಹಾಕಿಯೇ ಬರೆದ. 'ಈ ಬೋರ್ಡಿಗೆ ನೈಟ್ರೋಜನ್ ಬೇಡ, ಫ್ರಿಜ್ಜಿನ ಬಾಗಿಲು ತೆಗೆದು ತೋರಿಸಿದರೆ ಸಾಕು, ನೆಗಡಿಯಾಗಿ ಸಾಯುತ್ತದೆ.'

ಮಾರನೆಯ ದಿನ ಸೂಪರ್ ಮೇಡಂ ಫೋನಿನಲ್ಲಿ ಮೊದಲ ಬಾರಿಗೆ ಸೂಪರ್ ಎನ್ನಲಿಲ್ಲ. ಸಮುದಾಯದಲ್ಲಿ ಶಿಸ್ತು ಮುಖ್ಯ ಎಂದರು. ವರ್ಷದ ಮಹಾಕೂಟವನ್ನು ಕಂಪನಿಯೇ ದೊಡ್ಡ ಹೋಟೆಲಿನ ಸಭಾಂಗಣದಲ್ಲಿ ನಡೆಸಲಿದೆ, ಕಂಪನಿಯ ಅಧ್ಯಕ್ಷರೇ ಬರುತ್ತಾರೆ, ಡಾಕ್ಟ್ರ ಫೋಟೋ ಹೊಸ ಬೋರ್ಡಿನ ಡಬ್ಬದ ಮೇಲೆ ಬರುವ ಮಾತಿದೆ, ಇಂಥ ಹೊತ್ತಿನಲ್ಲಿ ಒಬ್ಬರಿಂದ ಎಲ್ಲರಿಗೂ ಕೆಟ್ಟ ಹೆಸರು ಬೇಕಾ ಸರ್ ಎಂದು ಕೇಳಿದರು.

ಡಬ್ಬದ ಮೇಲೆ ಫೋಟೋ! ಡಾಕ್ಟ್ರ ಫೋಟೋ ಅಲ್ಲಿಯವರೆಗೆ ಬಂದದ್ದು ಕಾಲುಬಾಯಿ ರೋಗದ ಭಿತ್ತಿಪತ್ರದಲ್ಲಿ ಮಾತ್ರ, ಅದೂ ಹಸುವಿನ ಹಿಂದೆ ಅರ್ಧ.

ಮುಂದಿನ ಭಾನುವಾರ ಭಾಮೈದ ಎಂದಿನಂತೆ ಚೀಲ ಹೆಗಲಿಗೇರಿಸಿಕೊಂಡು ಬಂದಾಗ ಡಾಕ್ಟ್ರು ಮೆಟ್ಟಿಲ ಬುಡದಲ್ಲೇ ನಿಂತಿದ್ದರು.

"ನೋಡೋ... ಸ್ವಲ್ಪ ದಿನ ನೀನು ಬರದೇ ಇದ್ರೆ ಒಳ್ಳೇದು."

"ಎಲ್ಲಿಗೆ?"

"ಮೇಲಕ್ಕೆ. ಕೂಟಕ್ಕೆ."

"ಯಾರು ಹೇಳಿದ್ದು ಭಾವ?"

"ಎಲ್ರೂ ಸೇರಿ ತೀರ್ಮಾನ ಮಾಡಿದ್ದು."

ಭಾಮೈದ ಮೇಲೆ ನೋಡಿದ. ಎಲ್ಲರೂ ಮಹಡಿಯ ಕಟಕಟೆಗೆ ಬಂದು ನಿಂತಿದ್ದರು, ಒಂದೇ ಬಣ್ಣದ ಟಿ ಶರ್ಟಿನಲ್ಲಿ. ಅವನು ನೋಡುತ್ತಲೇ ಕಂಡಕ್ಟರ್ ಆಕಾಶ ನೋಡಿದ, ಕನ್ನಡಕದಂಗಡಿಯವರು ಕನ್ನಡಕ ತೆಗೆದು ಒರೆಸಿಕೊಂಡರು. ಭಾಮೈದ ಅಡುಗೆಮನೆಗೆ ಹೋಗಿ, ಅಕ್ಕ ಕೊಟ್ಟ ಕಾಫಿ ಕುಡಿದು, ಲೋಟ ತೊಳೆದಿಟ್ಟು ಹೊರಟುಹೋದ.

ಕೂಟ ಮುಗಿಸಿ ಗಂಡ ಕೆಳಗಿಳಿದು ಬಂದಾಗ ಟೀಚರು ಬಟ್ಟೆಗೆ ಸೀಮೆಸುಣ್ಣದಲ್ಲಿ ಗೆರೆ ಎಳೆಯುತ್ತಿದ್ದರು.

"ಅವನು ನನ್ನ ತಮ್ಮ," ಎಂದರು ತಲೆಯೆತ್ತದೆ. "ಮಹಡಿ ನಂದು. ಕಾಫಿ ನಂದು. ಅವನನ್ನ ಬರಬೇಡ ಅಂದೋರು ಯಾರ ಮನೇಲಿದ್ದಾರೆ ಅಂತ ಒಂದ್ಸಲ ಯೋಚನೆ ಮಾಡಿ."

"ನಿನಗೆ ಅರ್ಥ ಆಗಲ್ಲ ಕಣೆ. ಇದು ಸಮುದಾಯದ ವಿಷಯ."

"ನೀವು ಹತ್ತು ಜನ ಹುಚ್ಚರು ಅಂತ ನಾನು ಇಷ್ಟು ದಿನ ಸುಮ್ನಿದ್ದೆ ರೀ. ಹುಚ್ಚರಾದ್ರೆ ಒಂದು ಮರ್ಯಾದೆ ಇತ್ತು." ಆಕೆ ಕತ್ತರಿ ಎತ್ತಿಕೊಂಡರು. ಕತ್ತರಿ ಆಡುವಾಗ ಆಕೆಯ ಜೊತೆ ಯಾರೂ ವಾದ ಮಾಡುತ್ತಿರಲಿಲ್ಲ.

ಮಹಾಕೂಟಕ್ಕೆ ಮೂರು ದಿನ ಇರುವಾಗ ಅಭ್ಯಾಸಕ್ಕೆಂದು ಬಂದ ಬೋರ್ಡೂ ಪಯಣ ಮುಗಿಸಿತು. ಡಾಕ್ಟ್ರಿಗೆ ಬೆವರು ಬಂತು. ಸಾವಿರ ಜನರೆದುರು ಅಧ್ಯಕ್ಷರು ಸಾರಜನಕ ಸುರಿಯುವಾಗ ಬೋರ್ಡು ಚಿಟ್ ಎಂದರೆ? ಹೇಳಿಕೊಂಡರೆ ಸೂಪರ್ ಮೇಡಂ ನಕ್ಕರು. ಆಕೆಗೆ ಮೊದಲಿನಿಂದಲೂ ಸಂಖ್ಯೆಯ ಚಿಂತೆ ಇರಲೇ ಇಲ್ಲ.

"ಸರ್, ನಿಮ್ಮ ಹಳೇ ವಿಡಿಯೋ ಇದೆಯಲ್ಲ, ಜಗತ್ತಿನಲ್ಲಿ ಮೊದಲು ಬಂದಿದ್ದು. ಅದನ್ನ ಕೊಡಿ. ಬೋರ್ಡಿನ ಹೆಸರು ಬರೋ ಕಡೆ ನಮ್ಮ ಗುರುತು ಕೂರಿಸ್ತೀವಿ. ಸ್ಟೇಜ್ ಮೇಲೆ ಅಧ್ಯಕ್ಷರು ಸುರೀಲಿ, ಹಿಂದೆ ಪರದೆ ಮೇಲೆ ಅದು ಓಡ್ಲಿ."

"ಮೇಡಂ, ಅದು ಬೇರೆ ಕಂಪನಿಯ ಬೋರ್ಡಲ್ಲಿ ಮಾಡಿದ್ದು."

"ಆದ್ರೆ ಮಾಡಿದ್ದು ನೀವೇ ತಾನೇ ಸರ್?"

ಅರ್ಧ ನಿಜ. ಇನ್ನರ್ಧ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ಕತ್ತರಿಸುತ್ತಾ ಕೂತಿತ್ತು. ಅರ್ಧ ನಿಜ ಇಡೀ ಸುಳ್ಳಿಗಿಂತ ಸುಲಭವಾಗಿ ಗಂಟಲಲ್ಲಿ ಇಳಿಯುತ್ತದೆ. ಡಾಕ್ಟ್ರು ವಿಡಿಯೋ ಕೊಟ್ಟರು.

ಸಭಾಂಗಣ ನೋಡಿ ಕೂಟದವರಿಗೆ ಕಣ್ಣು ಕುಕ್ಕಿತು. ನೆಲದ ಮೇಲೆ ಮೆತ್ತನೆಯ ಹಾಸು, ತಲೆಯ ಮೇಲೆ ಬಣ್ಣದ ದೀಪ, ಬಾಗಿಲಲ್ಲಿ ಡಾಕ್ಟ್ರ ಆಳೆತ್ತರದ ರಟ್ಟಿನ ಪ್ರತಿಮೆ. ನಿಜವಾದ ಡಾಕ್ಟ್ರ ಕೈ ಕುಲುಕದೆ ರಟ್ಟಿನ ಡಾಕ್ಟ್ರ ಹೆಗಲ ಮೇಲೆ ಕೈ ಹಾಕಿ ಫೋಟೋ ತೆಗೆಸಿಕೊಳ್ಳುವವರ ಸಾಲೇ ಇತ್ತು. ಒಳಗೆ ಸಾರಜನಕದ ಹಬೆ ಸಾಲದೆಂದು ನಾಟಕದವರ ಹೊಗೆ ಯಂತ್ರ ಎರಡು ಕೂತಿದ್ದವು. ಮುಂದಿನ ಸಾಲುಗಳಲ್ಲಿ ಸಮುದಾಯ ಕೂತಿತ್ತು. ಅವರಿಗೆಲ್ಲ ಕೂಪನ್ನು ಹಂಚಿದ್ದರು. ಕಾರ್ಯಕ್ರಮದ ಕೊನೆಗೆ ಚೀಟಿ ಎತ್ತಿ ಗೆದ್ದವರಿಗೆ ಕಂಪ್ಯೂಟರ್ ಕೊಡುವುದಿತ್ತು, ಆದ್ದರಿಂದ ಯಾರೂ ಮೂತ್ರಕ್ಕೂ ಎದ್ದಿರಲಿಲ್ಲ.

ಟೀಚರೂ ಬಂದಿದ್ದರು, ತಾವೇ ಹೊಲಿದ ರವಿಕೆಯಲ್ಲಿ. ಟಿ ಶರ್ಟು ತಂದುಕೊಟ್ಟ ಹುಡುಗಿಗೆ "ಇದರ ಹೊಲಿಗೆ ಎರಡು ಒಗೆತಕ್ಕೆ ಬಿಡುತ್ತೆ ಕಣಮ್ಮ" ಎಂದು ವಾಪಸು ಕೊಟ್ಟಿದ್ದರು. ಕೂತ ಮೇಲೆ ನೋಡಿದರೆ ವೇದಿಕೆಯ ಪಕ್ಕದಲ್ಲಿ ಕ್ಯಾಮೆರಾ ಹಿಡಿದು ತಮ್ಮ ನಿಂತಿದ್ದ! ಹೋಟೆಲಿನ ಕಾರ್ಯಕ್ರಮಗಳ ಫೋಟೋ ಯಾವಾಗಲೂ ಅವನದೇ. ಅವನನ್ನು ಕರೆಸಿದ್ದು ಹೋಟೆಲಿನವರು, ಕ್ಯಾಮೆರಾದ ಹಿಂದಿನ ಮುಖವನ್ನು ಕಂಪನಿಯವರು ಗಮನಿಸಿರಲಿಲ್ಲ. ಭಾವನಿಗೆ ಅವನು ಬಂದದ್ದೇ ಗೊತ್ತಿರಲಿಲ್ಲ. ಕಾಲರಿಗೆ ಮೈಕು ಸಿಕ್ಕಿಸಿಕೊಂಡು ವೇದಿಕೆ ಹತ್ತಿದ ಡಾಕ್ಟ್ರು ಅವನನ್ನು ನೋಡಿ ಒಂದು ಮೆಟ್ಟಿಲು ತಪ್ಪಿದರು.

ಅಧ್ಯಕ್ಷರು ಬಂದರು. ಎತ್ತರದ, ತೂಕದ, ತೂಕಕ್ಕೆ ತಕ್ಕ ನಗುವಿನ ಮನುಷ್ಯ. ಅವರು ಅಂದಿನವರೆಗೆ ಮದರ್‌ಬೋರ್ಡನ್ನು ಡಬ್ಬದ ಹೊರಗೆ ನೋಡಿದ್ದರೋ ಇಲ್ಲವೋ. ಯಾರೋ ಅವರ ಕೈಗೆ ಕವಚ ತೊಡಿಸಿದರು, ಇನ್ಯಾರೋ ಸಾರಜನಕದ ಫ್ಲಾಸ್ಕು ಕೊಟ್ಟರು. ಹಾಡು ಮೊಳಗಿತು. ಹಿಂದಿನ ದೊಡ್ಡ ಪರದೆಯ ಮೇಲೆ ಸಂಖ್ಯೆ ಏರತೊಡಗಿತು. ಅಧ್ಯಕ್ಷರು ಲೋಟಕ್ಕೆ ಸುರಿದರು, ಡಾಕ್ಟ್ರು ಪಕ್ಕದಲ್ಲಿ ನಿಂತು ಅವರ ಮೊಣಕೈ ಹಿಡಿದುಕೊಂಡರು.

ಭಾಮೈದ ಪರದೆ ನೋಡಿದ. ಅವನಿಗೆ ಸಂಖ್ಯೆ ನೋಡಬೇಕಾಗಿರಲಿಲ್ಲ. ಮೌಸಿನ ಬಾಣ ಸಣ್ಣಗೆ ನಡುಗುತ್ತಿದ್ದ ರೀತಿ ಸಾಕಾಯಿತು. ದಾಖಲೆ ಮಾಡಿದ ಆ ದಿನ ಭಯಕ್ಕೂ ಖುಷಿಗೂ ಅವನ ಕೈ ನಡುಗಿತ್ತು. ಸಾವಿರ ಜನರೆದುರು, ಗೋಡೆಯಗಲದ ಪರದೆಯ ಮೇಲೆ, ಅವನ ಕೈ ನಡುಗುತ್ತಿತ್ತು, ಬೇರೆಯವರ ಹೆಸರಿನಲ್ಲಿ. ಅವನು ಕ್ಯಾಮೆರಾ ಕಣ್ಣಿಗೆ ಇನ್ನೂ ಒತ್ತಿ ಹಿಡಿದುಕೊಂಡ.

ಆಗ ಮೇಜಿನ ಮೇಲೆ ಚಿಟ್ ಎಂದಿತು.

ಹಾಡಿನ ಗದ್ದಲದಲ್ಲಿ ಸದ್ದು ಯಾರಿಗೂ ಕೇಳಿಸಲಿಲ್ಲ. ಆದರೆ ಮೂಲೆಯ ಕೆಂಪು ದೀಪ ಆರಿದ್ದು ಮುಂದಿನ ಎರಡು ಸಾಲಿಗೆ ಚೆನ್ನಾಗಿಯೇ ಕಂಡಿತು. ಫ್ಯಾನು ನಿಂತದ್ದು ಕಂಡಿತು. ವಾಸನೆಯೂ ಬಂತು. ಕೆಳಗೆ ಕಂಪ್ಯೂಟರ್ ಸತ್ತುಬಿದ್ದಿತ್ತು, ಮೇಲೆ ಸಂಖ್ಯೆ ಏರುತ್ತಲೇ ಇತ್ತು. ಮುಂದಿನ ಸಾಲಿನಲ್ಲಿ ಕೂತವರೆಲ್ಲ ಇದೇ ಆಟದಲ್ಲಿ ಪಳಗಿದವರು. ಸತ್ತ ಬೋರ್ಡು ಯಾವುದು, ಬದುಕಿದ ಬೋರ್ಡು ಯಾವುದು ಎಂದು ಯಾರೂ ಅವರಿಗೆ ಹೇಳಿಕೊಡಬೇಕಾಗಿರಲಿಲ್ಲ. ಕಂಡಕ್ಟರ್ ಕನ್ನಡಕದಂಗಡಿಯವರ ಮುಖ ನೋಡಿದ. ಕನ್ನಡಕದಂಗಡಿಯವರು ತಮ್ಮ ಕೈಯಲ್ಲಿದ್ದ ಕೂಪನ್ನು ನೋಡಿದರು. ಆಮೇಲೆ ಚಪ್ಪಾಳೆ ತಟ್ಟಿದರು. ಕಂಡಕ್ಟರನೂ ತಟ್ಟಿದ. ಸಾಲಿಗೆ ಸಾಲೇ ತಟ್ಟಿತು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರಿಗೆ ಎತ್ತೂ ಗೊತ್ತು, ಕೊಟ್ಟಿಗೆಯೂ ಗೊತ್ತು. ಆದರೆ ಕರುವಿಗೆ ಚೀಟಿ ಎತ್ತುವುದು ಬಾಕಿಯಿತ್ತಲ್ಲ!

ಅಧ್ಯಕ್ಷರು ಉತ್ಸಾಹದಿಂದ ಸುರಿಯುತ್ತಲೇ ಇದ್ದರು. ಸತ್ತ ಬೋರ್ಡಿನ ಮೇಲೆ ಹಿಮ ಕಟ್ಟತೊಡಗಿತು. ಅವರು ಬೆವರುತ್ತಾ ಡಾಕ್ಟ್ರ ಕಡೆ ತಿರುಗಿ, ಮುಗ್ಧವಾಗಿ, "ಇನ್ನೂ ಹಾಕ್ಬೇಕಾ ಡಾಕ್ಟ್ರೇ?" ಎಂದು ಕೇಳಿದರು.

ಡಾಕ್ಟ್ರು ಸುಳ್ಳು ಹೇಳಬೇಕೆಂದೇ ಬಂದವರು. ನಿಜ ಹೇಳುವ ಧೈರ್ಯ ಇದ್ದಕ್ಕಿದ್ದಂತೆ ಎಲ್ಲಿಂದಲೋ ಬಂತು ಎಂದೇನೂ ಅಲ್ಲ. ಆದರೆ ಈ ಪ್ರಶ್ನೆ, ಈ ಮುಗ್ಧ ಧ್ವನಿ, ಅವರ ವೃತ್ತಿಯ ಪ್ರಶ್ನೆ. ಕೊಟ್ಟಿಗೆಯಲ್ಲಿ ಕಾಲು ಚಾಚಿ ಮಲಗಿದ ಹಸುವಿನ ಬಾಯಿಗೆ ಮನೆಯವರು ಔಷಧಿ ಹಾಕುತ್ತಾ ಹೀಗೇ ಕೇಳುತ್ತಾರೆ. ಅದಕ್ಕೆ ಇಷ್ಟು ವರ್ಷ ಒಂದೇ ಉತ್ತರ ಕೊಟ್ಟು ಡಾಕ್ಟ್ರ ನಾಲಿಗೆ ಪಳಗಿಬಿಟ್ಟಿತ್ತು. ಅವರು ಅಧ್ಯಕ್ಷರ ಕೈಯಿಂದ ಫ್ಲಾಸ್ಕನ್ನು ಮೆಲ್ಲಗೆ ಬಿಡಿಸಿಕೊಂಡು, ಬೆನ್ನ ಮೇಲೆ ಕೈಯಿಟ್ಟು ಹೇಳಿದರು.

"ಸಾಕು ಬಿಡಿ. ಹೋಗಿದೆ. ಇನ್ನು ಸುರಿದು ಪ್ರಯೋಜನ ಇಲ್ಲ. ಸಮಾಧಾನ ಮಾಡ್ಕೊಳ್ಳಿ."

ಕಾಲರಿನ ಮೈಕು ಅದನ್ನು ಸಭಾಂಗಣದ ಮೂಲೆಮೂಲೆಗೂ ಮುಟ್ಟಿಸಿತು. ಹಾಡು ಹಾಕುತ್ತಿದ್ದವನು ಗಾಬರಿಯಾಗಿ ಹಾಡು ನಿಲ್ಲಿಸಿದ. ಹೊಗೆ ಯಂತ್ರಗಳ ಸದ್ದು ಮಾತ್ರ ಉಳಿಯಿತು. ಹಿಂದಿನ ಪರದೆಯ ಮೇಲೆ ಸಂಖ್ಯೆ ಆಗಷ್ಟೇ ಎರಡು ವರ್ಷದ ಹಿಂದಿನ ಜಗತ್ತಿನ ದಾಖಲೆ ದಾಟಿತು.

ಡಾಕ್ಟ್ರು ಹೆಂಡತಿಯ ಕಡೆ ನೋಡಿದರು. ಟೀಚರು ನೆಟ್ಟಗೆ ಕೂತಿದ್ದರು. ಮುಖದಲ್ಲಿ ನಗುವೂ ಇಲ್ಲ, ಸಿಟ್ಟೂ ಇಲ್ಲ, ಸೂಜಿಗೆ ದಾರ ಹಾಕುವಾಗಿನ ಗಮನವಿತ್ತು. ಹೇಳಿದ್ದು ಹೇಳಿಯಾಗಿದೆ, ಪೂರ್ತಿ ಹೇಳಿಬಿಡೋಣ ಎಂದು ಡಾಕ್ಟ್ರು ಗಂಟಲು ಸರಿಮಾಡಿಕೊಂಡರು.

"ಆ ಪರದೆ ಮೇಲೆ ಬರ್ತಿರೋದು..."

"ಸೂಪರ್!" ಎಂದು ಸೂಪರ್ ಮೇಡಂ ಇನ್ನೊಂದು ಮೈಕು ಹಿಡಿದು ವೇದಿಕೆಗೆ ಹಾರಿಬಂದರು. "ಕೇಳಿದ್ರಲ್ಲ? ಹೋಗಿದೆ! ದಾಖಲೆ ಹೋಗಿದೆ! ಹಳೇ ದಾಖಲೆ ಹೋಗಿದೆ! ಡಾಕ್ಟ್ರ ಹಾಸ್ಯಪ್ರಜ್ಞೆಗೆ ಒಂದು ಜೋರಾದ ಚಪ್ಪಾಳೆ!"

ಸಭೆ ಬಿದ್ದು ಬಿದ್ದು ನಕ್ಕಿತು. ಅಧ್ಯಕ್ಷರು ಎಲ್ಲರಿಗಿಂತ ಜೋರಾಗಿ ನಕ್ಕು ಡಾಕ್ಟ್ರನ್ನು ಅಪ್ಪಿಕೊಂಡರು. ಡಾಕ್ಟ್ರು ಮತ್ತೆರಡು ಸಲ ಬಾಯಿ ತೆರೆದರು, ಅಷ್ಟರಲ್ಲಿ ಅವರ ಮೈಕು ಆರಿಸಿದ್ದರು. ಚೀಟಿಯ ಡಬ್ಬ ಬಂತು. ಕಂಪ್ಯೂಟರ್ ಗೆದ್ದದ್ದು ಹೋಟೆಲಿನ ಅಡುಗೆಯವನೊಬ್ಬ. ಅವನಿಗೆ ಕೂಪನ್ನು ಸಿಕ್ಕಿದ್ದೇ ಯಾರದೋ ತಪ್ಪಿನಿಂದ.

ತಾನು ಕೆಟ್ಟೆ ಎಂದೇ ಡಾಕ್ಟ್ರು ತಿಳಿದಿದ್ದರು. ಕಂಪನಿ ಪದವಿ ಕಿತ್ತುಕೊಳ್ಳುತ್ತದೆ, ಪತ್ರಿಕೆಯವರು ಮನೆಗೆ ಬರುತ್ತಾರೆ, ಊರೆಲ್ಲ ಛೀ ಥೂ ಎನ್ನುತ್ತದೆ. ಹಾಗೇನೂ ಆಗಲಿಲ್ಲ. ಆದದ್ದು ಅದಕ್ಕಿಂತ ಕೆಟ್ಟದ್ದು. ವಾರ ಕಳೆಯುವುದರೊಳಗೆ ಜಾಹೀರಾತು ಬಂತು. ಡಾಕ್ಟ್ರು ಅಧ್ಯಕ್ಷರ ಬೆನ್ನ ಮೇಲೆ ಕೈಯಿಟ್ಟಿರುವ ಚಿತ್ರ, ಸುತ್ತ ಹೊಗೆ, ಮೇಲೆ ದಪ್ಪಕ್ಷರದಲ್ಲಿ 'ಹೋಗಿದೆ! ನಿಮ್ಮ ಕಲ್ಪನೆಗೂ ಮೀರಿ.' ಬೋರ್ಡು ಬಿಸಿ ಬಿಸಿಯಾಗಿ ಖರ್ಚಾಯಿತು. ಕೊಂಡವರಲ್ಲಿ ನೂರಕ್ಕೊಬ್ಬನೂ ಅದರ ಮೇಲೆ ಸಾರಜನಕ ಸುರಿಯುವವನಲ್ಲ, ಆದ್ದರಿಂದ ದೂರೂ ಬರಲಿಲ್ಲ.

ಆಸ್ಪತ್ರೆಯಲ್ಲಿ ಮಾತ್ರ ತೊಂದರೆಯಾಯಿತು. ಎಮ್ಮೆ ಹಿಡಿದುಕೊಂಡು ಬಂದ ಒಬ್ಬ ಮುದುಕಿ ಡಾಕ್ಟ್ರ ಮುಖ ನೋಡಿದವಳೇ ಎಮ್ಮೆಯನ್ನು ಹಿಂದಕ್ಕೆ ತಿರುಗಿಸಿದಳು. "ಅಯ್ಯೋ, ಹೋಗಿದೆ ಅನ್ನೋ ಡಾಕ್ಟ್ರು ಇವರೇ. ನಮ್ಮ ಎಮ್ಮೆಗೆ ಬರೀ ಜಂತುಹುಳ ಕಣಪ್ಪ, ನೀನು ಬಾಯಿ ಬಿಡಬೇಡ."

ಡಾಕ್ಟ್ರು ರಾಜೀನಾಮೆ ಬರೆದು ಕಳಿಸಿದರು. ಬೋರ್ಡಿಗೆ ದೋಷವಿದೆ, ವಿಡಿಯೋ ಹಳೆಯದು, ನನಗೆ ಈ ಪದವಿ ಬೇಡ ಎಂದು ಸ್ಪಷ್ಟವಾಗಿ ಬರೆದಿದ್ದರು. ಉತ್ತರವಾಗಿ ಒಂದು ಗಾಜಿನ ಫಲಕ ಬಂತು. ಅದರ ಮೇಲೆ 'ಆಜೀವ ಗೌರವ ರಾಯಭಾರಿ' ಎಂದು ಕೆತ್ತಿತ್ತು. ಮುಖ್ಯ ರಾಯಭಾರಿಯ ಜಾಗಕ್ಕೆ ಕಂಡಕ್ಟರನನ್ನು ಹಾಕಿದರು. ಕೂಟಕ್ಕೆ ಕಂಪನಿಯೇ ಎಸಿ ಇರುವ ಕೋಣೆ ಕೊಟ್ಟದ್ದರಿಂದ ಯಾರೂ ಮಹಡಿಗೆ ಬರಲಿಲ್ಲ. ಟೀಚರು ಭಾನುವಾರವೂ ತರಗತಿ ಶುರುಮಾಡಿ, ಮಷೀನುಗಳ ಟೇಪನ್ನು ಒಂದೊಂದಾಗಿ ಕಿತ್ತರು. ಟೇಪಿನ ಜೊತೆ ಕೆಲವು ಕಡೆ ಬಣ್ಣವೂ ಬಂತು.

ಡಾಕ್ಟ್ರು ಒಂದು ಸಂಜೆ ಭಾಮೈದನ ಸ್ಟುಡಿಯೋಗೆ ಹೋದರು. ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡಿದ್ದರು. ಒಳಗೆ ಭಾಮೈದ ಕಂಪ್ಯೂಟರಿನ ಮುಂದೆ ಕೂತಿದ್ದ. ಪರದೆಯ ಮೇಲೆ ಮಹಾಕೂಟದ ಫೋಟೋ ಇತ್ತು.

"ತಪ್ಪಾಯ್ತು ಕಣೋ," ಎಂದರು ಡಾಕ್ಟ್ರು. ಜೋಡಿಸಿಕೊಂಡದ್ದರಲ್ಲಿ ಉಳಿದದ್ದು ಇಷ್ಟೇ.

"ಕೂತ್ಕೊಳ್ಳಿ ಭಾವ. ಒಂದು ನಿಮಿಷ, ಇದೊಂದು ಮುಗಿಸ್ತೀನಿ."

"ಏನು ಮಾಡ್ತಿದ್ದೀಯ?"

ಭಾಮೈದ ತಿರುಗಲಿಲ್ಲ. "ಹೊಗೆ ಹಾಕ್ತಿದ್ದೀನಿ. ನಿಮ್ಮ ಮೇಡಂ ಫೋನ್ ಮಾಡಿದ್ರು. ಫೋಟೋ ಎಲ್ಲ ಸೂಪರ್, ಹೊಗೆ ಸಾಲದು ಅಂದ್ರು. ಫೋಟೋಗೆ ಇಷ್ಟು ಅಂತ ಕೊಡ್ತಾರೆ."

"ನೀನೂ?"

"ನಾನೂ."

ಪರದೆಯ ಮೇಲೆ ಡಾಕ್ಟ್ರ ಮೊಣಕಾಲವರೆಗಿದ್ದ ಹೊಗೆ ಎದೆಯವರೆಗೆ ಬಂತು. ಡಾಕ್ಟ್ರು ಬಗ್ಗಿ ನೋಡಿದರು.

"ಮುಖದ ಮೇಲೂ ಸ್ವಲ್ಪ ಹಾಕೋ," ಎಂದರು.

ಭಾಮೈದನಿಗೆ ಮೊದಲು ನಗು ಬಂತು, ಆಮೇಲೆ ಡಾಕ್ಟ್ರಿಗೂ. ಆ ನಗು ಅಷ್ಟೇನೂ ಸುಖದ್ದಲ್ಲ, ಆದರೂ ನಕ್ಕರು.

ಈಗ ಭಾನುವಾರದ ಹೊಲಿಗೆ ತರಗತಿಯ ಕೊನೆಯ ಮೂಲೆಯಲ್ಲಿ, ಕಿಟಕಿಯ ಪಕ್ಕ, ಒಂದು ಚಿಕ್ಕ ಮೇಜು ಅವರಿಬ್ಬರದು. ಟೀಚರ ಷರತ್ತು ಎರಡೇ. ಬಟ್ಟೆಗೆ ವ್ಯಾಸಲೀನ್ ತಾಗಬಾರದು, ಯಾರೂ ಕಿರುಚಬಾರದು. ಮೊನ್ನೆ ಹಳೆಯ ಚಿಪ್ಪೊಂದನ್ನು ಓಡಿಸಿದರು. ಚೆನ್ನಾಗಿಯೇ ಓಡಿತು, ಆದರೂ ಜಗತ್ತಿನ ಪಟ್ಟಿಯಲ್ಲಿ ಎಲ್ಲೋ ಕೆಳಗೆ, ಎರಡು ಪುಟ ತಿರುಗಿಸಿದರೆ ಕಾಣುವ ಜಾಗ. ಭಾವ ಭಾಮೈದ ಸದ್ದಿಲ್ಲದೆ ಕೈ ಕುಲುಕಿಕೊಂಡರು.

ಪಕ್ಕದ ಮಷೀನಿನಲ್ಲಿ ದಿಂಬಿನ ಚೀಲಕ್ಕೆ ಅಂಚು ಮಡಿಸುತ್ತಿದ್ದ ಹೆಂಗಸು ಬಹಳ ಹೊತ್ತಿನಿಂದ ಇವರನ್ನು ನೋಡುತ್ತಿದ್ದಳು. ಪೆಡಲಿನಿಂದ ಕಾಲು ತೆಗೆದು ಕೇಳಿಯೇಬಿಟ್ಟಳು.

"ಅಲ್ಲ ಡಾಕ್ಟ್ರೇ, ಇದರಿಂದ ಏನು ಉಪಯೋಗ?"

"ಏನೂ ಇಲ್ಲಮ್ಮ," ಎಂದರು ಡಾಕ್ಟ್ರು. ಬಹಳ ದಿನದ ಮೇಲೆ ಅವರ ಧ್ವನಿಯಲ್ಲಿ ಹೆಮ್ಮೆಯಿತ್ತು.

"ಹಂಗಾದ್ರೆ ಸರಿ," ಎಂದು ಆಕೆ ಮತ್ತೆ ಪೆಡಲು ತುಳಿದಳು.